ಮೃಗಾಲಯದ ಮುದಿ ಪ್ರಾಣಿಗಳು: ಆಯಸ್ಸಿನೊಂದಿಗೆ ಬೆಳೆದ ಹೊಣೆ

ಕಾಡಿನಲ್ಲಿ ಮುಪ್ಪಿನ ಅವಧಿ ಅತ್ಯಲ್ಪ. ಕೋರೆಹಲ್ಲು ಮುರಿದ ಹುಲಿ ಬೇಟೆಯಾಡಲಾರದು. ತನ್ನ ನೆಲೆಯನ್ನು ಬಲಿಷ್ಠ ಎದುರಾಳಿಗೆ ಬಿಟ್ಟುಕೊಟ್ಟು ಹಸಿವಿನಿಂದಲೋ ಗಾಯದಿಂದಲೋ ಪ್ರಾಣ ಬಿಡುತ್ತದೆ. ಅಲ್ಲಿ ಹದಿನೈದು ವರ್ಷ ದಾಟುವ ಹುಲಿಗಳು ವಿರಳ. ಹೊತ್ತುಹೊತ್ತಿಗೆ ಆಹಾರ, ಲಸಿಕೆ ಮತ್ತು ಚಿಕಿತ್ಸೆ ದೊರೆಯುವ ಮೃಗಾಲಯದಲ್ಲಿ ಇಪ್ಪತ್ತರ ಆಸುಪಾಸಿನ ಹುಲಿಯನ್ನೂ ಕಾಣಬಹುದು. ಹೀಗೆ ಹೆಚ್ಚಿದ ಆಯಸ್ಸು ಮೃಗಾಲಯಗಳ ಸಾಧನೆಯೆಂಬುದು ನಿಜ. ಆದರೆ ಆ ಹೆಚ್ಚುವರಿ ವರ್ಷಗಳು ನೋವಿಲ್ಲದೆ ಕಳೆಯುವಂತೆ ನೋಡಿಕೊಳ್ಳುವುದು ಅದಕ್ಕಿಂತ ಕಠಿಣವಾದ ಹೊಣೆ.

ಪಶ್ಚಿಮ ಬಂಗಾಳದ ದಕ್ಷಿಣ ಖಯೇರ್‌ಬಾರಿ ಪುನರ್ವಸತಿ ಕೇಂದ್ರದಲ್ಲಿದ್ದ 'ರಾಜಾ' ಎಂಬ ಹುಲಿ 2022ರ ಜುಲೈನಲ್ಲಿ ಮೃತಪಟ್ಟಾಗ ಅದರ ವಯಸ್ಸು 25 ದಾಟಿತ್ತು. ಸುಂದರಬನದಲ್ಲಿ ಮೊಸಳೆಯ ದಾಳಿಗೆ ಸಿಕ್ಕು ಹಿಂಗಾಲು ಕಳೆದುಕೊಂಡಿದ್ದ ಅದನ್ನು 2008ರಲ್ಲಿ ಅಲ್ಲಿಗೆ ತರಲಾಗಿತ್ತು. ಜರ್ಮನಿಯ ಬರ್ಲಿನ್ ಮೃಗಾಲಯಕ್ಕೆ 1959ರಲ್ಲಿ ಬಂದ 'ಫಾಟು' ಎಂಬ ಹೆಣ್ಣು ಗೊರಿಲ್ಲಾದ 68ನೇ ಹುಟ್ಟುಹಬ್ಬವನ್ನು 2025ರ ಏಪ್ರಿಲ್‌ನಲ್ಲಿ ಆಚರಿಸಲಾಯಿತು. ಕಾಡಿನ ಗೊರಿಲ್ಲಾಗಳ ಆಯಸ್ಸು ಸಾಮಾನ್ಯವಾಗಿ ನಲವತ್ತರ ಒಳಗೇ ಮುಗಿಯುತ್ತದೆ.

ಮುಪ್ಪಿನ ಲಕ್ಷಣಗಳು

ಕಾಡುಪ್ರಾಣಿ ತನ್ನ ನೋವನ್ನು ಹೊರಗೆ ತೋರಿಸುವುದಿಲ್ಲ. ದುರ್ಬಲವೆಂದು ಕಂಡರೆ ಅಪಾಯವೆಂಬುದು ಅದರ ಹುಟ್ಟುಗುಣ. ಆದ್ದರಿಂದ ರೋಗದ ಮೊದಲ ಸುಳಿವು ಸಿಗುವುದು ಹೆಚ್ಚಾಗಿ ಪ್ರಾಣಿಯನ್ನು ನಿತ್ಯ ನೋಡುವ ಪಾಲಕರಿಗೆ. ಎತ್ತರದ ಅಟ್ಟಕ್ಕೆ ಜಿಗಿಯುತ್ತಿದ್ದ ಚಿರತೆ ನೆಲದಲ್ಲೇ ಮಲಗುವುದು, ಸಿಂಹ ಮೂಳೆಯನ್ನು ಮುಟ್ಟದೆ ಬಿಡುವುದು, ನೀರು ಕುಡಿಯುವ ಪ್ರಮಾಣ ಏರುವುದು, ಮೈ ನೆಕ್ಕಿಕೊಳ್ಳುವುದನ್ನು ನಿಲ್ಲಿಸುವುದು ಇವೆಲ್ಲ ಎಚ್ಚರಿಕೆಯ ಸೂಚನೆಗಳು. ಇವುಗಳ ಹಿಂದೆ ಕೀಲುನೋವು, ಹಲ್ಲಿನ ಸೋಂಕು ಅಥವಾ ಮೂತ್ರಪಿಂಡದ ವೈಫಲ್ಯ ಇರಬಹುದು. ಕಣ್ಣಿನ ಪೊರೆ ಮತ್ತು ಗೆಡ್ಡೆಗಳೂ ಈ ವಯಸ್ಸಿನಲ್ಲಿ ಸಾಮಾನ್ಯ. ದೊಡ್ಡ ಬೆಕ್ಕುಗಳಲ್ಲಿ ಮೂತ್ರಪಿಂಡದ ಕಾಯಿಲೆ ವಿಶೇಷವಾಗಿ ಕಾಡುತ್ತದೆ.

ಆಹಾರ ಮತ್ತು ವಸತಿ

ಆನೆಗೆ ಜೀವಿತಾವಧಿಯಲ್ಲಿ ಆರು ಬಾರಿ ದವಡೆ ಹಲ್ಲುಗಳು ಮೂಡುತ್ತವೆ. ಕೊನೆಯ ಜೊತೆ ಸವೆದ ಬಳಿಕ, ಸುಮಾರು ಅರವತ್ತರ ನಂತರ, ಅದಕ್ಕೆ ಹುಲ್ಲನ್ನು ಅರೆದು ನುಂಗಲು ಆಗದು. ಹೊಟ್ಟೆ ತುಂಬ ಮೇವಿದ್ದರೂ ಸೊರಗುತ್ತದೆ. ಅಂತಹ ಆನೆಗೆ ಸಣ್ಣಗೆ ಕತ್ತರಿಸಿದ ಮೇವು ಮತ್ತು ಬೇಯಿಸಿದ ಧಾನ್ಯದ ಉಂಡೆ ನೀಡಬೇಕಾಗುತ್ತದೆ. ಹಲ್ಲಿಲ್ಲದ ಹುಲಿ, ಸಿಂಹಗಳಿಗೆ ಮೂಳೆ ತೆಗೆದು ಕೊಚ್ಚಿದ ಮಾಂಸವೇ ಗತಿ.

ವಸತಿಯಲ್ಲಿಯೂ ಬದಲಾವಣೆ ಅನಿವಾರ್ಯ. ಕಾಂಕ್ರೀಟ್ ನೆಲದ ಮೇಲೆ ದೀರ್ಘಕಾಲ ನಿಲ್ಲುವ ಆನೆಗಳಿಗೆ ಪಾದದ ರೋಗ ಮತ್ತು ಕೀಲುನೋವು ತಪ್ಪಿದ್ದಲ್ಲ. ಮಣ್ಣು ಇಲ್ಲವೆ ಮರಳಿನ ಹಾಸು ಇದಕ್ಕೆ ಪರಿಹಾರ. ಮೆಟ್ಟಿಲ ಬದಲು ಇಳಿಜಾರು, ತಗ್ಗಿಸಿದ ಅಟ್ಟ ಹಾಗೂ ಚಳಿಗಾಲದಲ್ಲಿ ಬೆಚ್ಚನೆಯ ಕೊಠಡಿ ಇದ್ದರೆ ಮುದಿ ಪ್ರಾಣಿ ಪರರ ನೆರವಿಲ್ಲದೆ ಓಡಾಡಬಲ್ಲದು. ದೃಷ್ಟಿ ಕಳೆದುಕೊಂಡ ಪ್ರಾಣಿಯ ಆವರಣದಲ್ಲಿ ವಸ್ತುಗಳ ಸ್ಥಾನವನ್ನು ಬದಲಿಸಬಾರದು.

ಸಂಗಾತಿಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಹಿಂಡಿನ ಕಿರಿಯರ ಗದ್ದಲದಿಂದ ದೂರವಿರಲೆಂದು ಫಾಟುವಿಗೆ ಪ್ರತ್ಯೇಕ ಆವರಣ ಕಲ್ಪಿಸಲಾಗಿದೆ. ಆದರೆ ಡಬ್ಲಿನ್‌ನಿಂದ ಮೈಸೂರು ಮೃಗಾಲಯಕ್ಕೆ ಬಂದಿದ್ದ 'ಪೋಲೊ' ಎಂಬ ಗೊರಿಲ್ಲಾದ ಏಕಾಂತ ಆರೈಕೆಗಾಗಿ ಕಲ್ಪಿಸಿದ್ದಲ್ಲ. ದೇಶದ ಏಕೈಕ ಗೊರಿಲ್ಲಾ ಎನಿಸಿಕೊಂಡಿದ್ದ ಅದು ಜೊತೆಗಾತಿಯಿಲ್ಲದೆಯೇ 2014ರಲ್ಲಿ ಅಸುನೀಗಿತು.

ಅರಿವಳಿಕೆ ಇಲ್ಲದ ತಪಾಸಣೆ

ವಯಸ್ಸಾದ ಪ್ರಾಣಿಗೆ ಪದೇ ಪದೇ ಅರಿವಳಿಕೆ ನೀಡುವುದು ಅಪಾಯಕರ. ಹೀಗಾಗಿ ತಿನಿಸಿನ ಆಸೆ ತೋರಿಸಿ, ಪಂಜರದ ಸರಳುಗಳ ಬಳಿ ಬಾಲ ಅಥವಾ ಪಾದ ಚಾಚುವಂತೆ ಪ್ರಾಣಿಗಳಿಗೆ ಮೊದಲೇ ತರಬೇತಿ ನೀಡಲಾಗುತ್ತದೆ. ಇದರಿಂದ ಬಲವಂತವಿಲ್ಲದೆ ರಕ್ತದ ಮಾದರಿ ಪಡೆಯಬಹುದು. ನೋವುನಿವಾರಕ ಔಷಧಗಳು ಕೀಲುನೋವನ್ನು ತಗ್ಗಿಸಿದರೂ ಮೂತ್ರಪಿಂಡಕ್ಕೆ ಹೊರೆಯಾಗಬಲ್ಲವಾದ್ದರಿಂದ ಈ ನಿಯತ ಪರೀಕ್ಷೆಗಳಿಗೆ ಹೆಚ್ಚಿನ ಮಹತ್ವವಿದೆ.

ಸರ್ಕಸ್ ಬಿಟ್ಟುಹೋದ ಹೊಣೆ

ಕರ್ನಾಟಕಕ್ಕೆ ಈ ವಿಷಯ ಹೊಸದಲ್ಲ. ಕರಡಿ, ಕೋತಿ, ಹುಲಿ, ಚಿರತೆ ಮತ್ತು ಸಿಂಹಗಳ ಪ್ರದರ್ಶನವನ್ನು ಕೇಂದ್ರ ಸರ್ಕಾರ 1998ರಲ್ಲಿ ನಿಷೇಧಿಸಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸರ್ಕಸ್‌ಗಳಿಂದ ಬಿಡಿಸಿದ ಸಿಂಹ, ಹುಲಿಗಳಿಗೆ ಆಶ್ರಯ ನೀಡಿದ ಕೇಂದ್ರಗಳಲ್ಲಿ ಬನ್ನೇರುಘಟ್ಟವೂ ಒಂದು. ಇವುಗಳನ್ನು ಕಾಡಿಗೆ ಬಿಡುವಂತಿರಲಿಲ್ಲ, ಸಂತಾನಾಭಿವೃದ್ಧಿಗೂ ಅವಕಾಶವಿರಲಿಲ್ಲ. ಕೇಂದ್ರಗಳು ವಸ್ತುಶಃ ವೃದ್ಧಾಶ್ರಮಗಳೇ ಆದವು. ಕುಣಿಸುವ ಕರಡಿಗಳಿಗಾಗಿ ಬನ್ನೇರುಘಟ್ಟದಲ್ಲಿ 2005ರಲ್ಲಿ ಪ್ರತ್ಯೇಕ ಕೇಂದ್ರ ಆರಂಭವಾಯಿತು. ಮರಿಯಿದ್ದಾಗಲೇ ಮೂತಿಗೆ ತೂತು ಕೊರೆದು, ಕೋರೆಹಲ್ಲು ಕಿತ್ತು ಪಳಗಿಸಲಾಗಿದ್ದ ಇಂತಹ ಕರಡಿಗಳಿಗೆ ಗಂಜಿಯಂತಹ ಮೆದು ಆಹಾರವೇ ಆಧಾರ.

ದಯಾಮರಣ: ಎಲ್ಲಿದೆ ಗೆರೆ?

ಡೆನ್ಮಾರ್ಕ್‌ನ ಕೋಪನ್‌ಹೇಗನ್ ಮೃಗಾಲಯ 2014ರ ಮಾರ್ಚ್‌ನಲ್ಲಿ ಹೊಸ ಗಂಡು ಸಿಂಹಕ್ಕೆ ಜಾಗ ಮಾಡಿಕೊಡಲು ನಾಲ್ಕು ಸಿಂಹಗಳನ್ನು ಕೊಂದಿತು. ಅವುಗಳಲ್ಲಿ ಎರಡು ಮುದಿಯಾಗಿದ್ದವು. ಹಿಂಡಿನ ಒಟ್ಟು ಹಿತಕ್ಕಾಗಿ ಇದು ಅಗತ್ಯ ಎಂಬುದು ಅಲ್ಲಿನವರ ವಾದ. ಭಾರತದಲ್ಲಿ ನಿಲುವು ಭಿನ್ನ. ಬದುಕಿಸಿಕೊಳ್ಳುವುದೇ ಕ್ರೌರ್ಯವೆನಿಸುವಷ್ಟು ಯಾತನೆ ಇದ್ದಾಗ ಮಾತ್ರ, ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಯೊಂದಿಗೆ ದಯಾಮರಣಕ್ಕೆ ನಿಯಮಗಳು ಅವಕಾಶ ನೀಡುತ್ತವೆ. ಜಾಗವಿಲ್ಲ, ನೋಡಲು ಚೆನ್ನಾಗಿಲ್ಲ ಎಂಬುದು ಕಾರಣವಾಗದು.

ಆದರೆ ಕೊಲ್ಲದಿರುವುದೇ ಆರೈಕೆಯಲ್ಲ. ತೀರ್ಮಾನ ತಡವಾದಷ್ಟೂ ಯಾತನೆ ಪಡುವುದು ಪ್ರಾಣಿ. ಹಸಿವು, ನಡಿಗೆ, ನಿದ್ರೆ ಹಾಗೂ ಸುತ್ತಲಿನ ಆಸಕ್ತಿಗೆ ದಿನವೂ ಅಂಕ ನೀಡಿ ದಾಖಲಿಸುವ ಪದ್ಧತಿ ಅನೇಕ ಮೃಗಾಲಯಗಳಲ್ಲಿದೆ. ಒಳ್ಳೆಯ ದಿನಗಳಿಗಿಂತ ಕೆಟ್ಟ ದಿನಗಳು ಹೆಚ್ಚಾದಾಗ ವೈದ್ಯರು ನಿರ್ಧರಿಸಲು ಈ ದಾಖಲೆಯೇ ಆಧಾರ.

ಸಂದರ್ಶಕರ ಪಾತ್ರವೂ ಇಲ್ಲಿ ಕಡಿಮೆಯದಲ್ಲ. ಮಲಗಿದ ಮುದಿ ಸಿಂಹವನ್ನು ಕೂಗಿ ಎಬ್ಬಿಸದಿರುವುದು, ಕಲ್ಲು ಎಸೆಯದಿರುವುದು ಕನಿಷ್ಠ ಸೌಜನ್ಯ. ಮೈಸೂರು ಮತ್ತು ಬನ್ನೇರುಘಟ್ಟಗಳಲ್ಲಿ ಪ್ರಾಣಿಗಳ ದತ್ತು ಯೋಜನೆಯೂ ಇದ್ದು, ಆಹಾರದ ವೆಚ್ಚ ಭರಿಸಲು ಸಾರ್ವಜನಿಕರಿಗೆ ಅವಕಾಶವಿದೆ. ಮುದ್ದಾದ ಮರಿಯನ್ನು ಆರಿಸಿಕೊಳ್ಳುವವರು ಮೂಲೆಯಲ್ಲಿ ಮಲಗಿರುವ ಹಿರಿಯ ಜೀವದತ್ತಲೂ ಒಮ್ಮೆ ನೋಡುವುದು ಒಳಿತು.