ಪೋಷಕ–ಉಪಾಧ್ಯಾಯ ಸಹಕಾರ: ಕರ್ನಾಟಕದ ಪ್ರಾಥಮಿಕ ಶಿಕ್ಷಣದಲ್ಲಿ

ಮಕ್ಕಳ ವಿದ್ಯಾಭ್ಯಾಸದ ಹೊಣೆಯನ್ನು ಮನೆಯೂ ಶಾಲೆಯೂ ಪರಸ್ಪರ ಅರಿವಿನಿಂದ ಹಂಚಿಕೊಂಡು ನಿರ್ವಹಿಸುವ ಕ್ರಮಕ್ಕೆ ಈ ಹೆಸರು ಸಲ್ಲುತ್ತದೆ. ಮಗುವಿನ ಹಾಜರಿ, ಆರೋಗ್ಯ, ಕಲಿಕೆಯ ಗತಿ, ಸ್ವಭಾವದ ಒಲವುಗಳು ಇವುಗಳ ವಿಚಾರವಾಗಿ ತಂದೆತಾಯಿಗಳೂ ಉಪಾಧ್ಯಾಯರೂ ಕಲೆತು ಮಾತನಾಡುವುದು ಇದರ ಒಂದು ಮುಖ. ಶಾಲೆಯ ಆಡಳಿತ, ಧನವಿನಿಯೋಗ ಮತ್ತು ಅಭಿವೃದ್ಧಿಗಳಲ್ಲಿ ಪೋಷಕರು ಅಧಿಕಾರಯುತವಾಗಿ ಭಾಗವಹಿಸುವುದು ಇನ್ನೊಂದು. ಈ ಎರಡು ಮುಖಗಳು ಒಂದೇ ಕಾಲದಲ್ಲಿ ಒಂದೇ ಪ್ರಮಾಣದಲ್ಲಿ ಬೆಳೆದು ಬಂದುವಲ್ಲ. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಮೊದಲನೆಯದು ಗ್ರಾಮಜೀವನದ ಆಚಾರದಲ್ಲಿ ಬಹುಕಾಲದಿಂದ ನೆಲೆಸಿದ್ದು, ಎರಡನೆಯದು ಈಚಿನ ಕಾನೂನಿನಿಂದ ಪ್ರಾಪ್ತವಾದುದು. ಇವೆರಡನ್ನೂ ಒಂದುಗೂಡಿಸುವ ಕಾರ್ಯ ಇನ್ನೂ ಪೂರ್ಣಗೊಂಡಿಲ್ಲ.

ಸಂಘಟಿತ ರೂಪ: ಸ್ವಿಟ್ಜರ್ಲೆಂಡಿನ ಪೆಸ್ಟಲಾಟ್ಸಿ ತಾಯಿಯನ್ನೇ ಆದ್ಯ ಶಿಕ್ಷಕಿಯೆಂದು ಪರಿಗಣಿಸಿ 1801ರಲ್ಲಿ ಗ್ರಂಥವನ್ನು ಪ್ರಕಟಿಸಿದುದು ಶಿಕ್ಷಣದಲ್ಲಿ ಮನೆಗೂ ಪಾಲಿದೆಯೆಂಬ ವಿಚಾರಸರಣಿಗೆ ಬಲಕೊಟ್ಟಿತು. ಅಮೆರಿಕದಲ್ಲಿ ಆಲಿಸ್ ಬರ್ನಿ ಮತ್ತು ಫೀಬಿ ಹರ್ಸ್ಟ್ ಎಂಬ ಮಹಿಳೆಯರು 1897ರಲ್ಲಿ ವಾಷಿಂಗ್ಟನ್ನಿನಲ್ಲಿ ನೆರೆಯಿಸಿದ ತಾಯಂದಿರ ಮಹಾಸಭೆಯು ಮುಂದೆ ಪೋಷಕ-ಶಿಕ್ಷಕರ ರಾಷ್ಟ್ರೀಯ ಸಂಘವಾಗಿ ಪರಿಣಮಿಸಿತು. ಭಾರತದಲ್ಲಿ ಕೊಠಾರಿ ಆಯೋಗವು (1964–66) ಶಾಲೆಯನ್ನು ಸಮುದಾಯದ ಬದುಕಿಗೆ ಹತ್ತಿರ ತರಬೇಕೆಂದು ಒತ್ತಿಹೇಳಿತು.

ಬಳ್ಳಾರಿ ಸೀಮೆಯ ಗ್ರಾಮಶಾಲೆಗಳು: ಕನ್ನಡನಾಡಿನಲ್ಲಿ ಮನೆಗೂ ಮಠಕ್ಕೂ (ಹಳೆಯ ಗ್ರಾಮಶಾಲೆಗೂ) ಇದ್ದ ಸಂಬಂಧವನ್ನು ಕುರಿತು ದೊರೆಯುವ ಹಳೆಯ ದಾಖಲೆಗಳಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲನು 1823ರ ಆಗಸ್ಟಿನಲ್ಲಿ ಬರೆದ ವರದಿಗೆ ವಿಶೇಷ ಸ್ಥಾನ ಸಲ್ಲಬೇಕು. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಆಜ್ಞಾಪಿಸಿದ ವಿಚಾರಣೆಗೆ ಉತ್ತರರೂಪವಾಗಿ ಹುಟ್ಟಿದ ಈ ವರದಿಯು, ಇಂದಿನ ಅನಂತಪುರದ ಭಾಗಗಳನ್ನೂ ಒಳಗೊಂಡಿದ್ದ ಅಂದಿನ ವಿಶಾಲ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರೆಂದು ಲೆಕ್ಕ ಕೊಡುತ್ತದೆ. ಆ ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು ಮತ್ತು ಇಂಗ್ಲಿಷಿನವು. ಸರಾಸರಿ ಲೆಕ್ಕದಲ್ಲಿ ಶಾಲೆಯೊಂದಕ್ಕೆ ಹನ್ನೆರಡು ಮಕ್ಕಳಷ್ಟೆ. ಆದುದರಿಂದ ಪ್ರತಿಯೊಂದು ಮಗುವಿನ ಮನೆಯೂ ಅಯ್ಯನವರಿಗೆ, ಎಂದರೆ ಉಪಾಧ್ಯಾಯರಿಗೆ, ಪರಿಚಿತವಾಗಿದ್ದಿರಬೇಕೆಂದು ಊಹಿಸುವುದು ತಪ್ಪಾಗಲಾರದು.

ಕ್ಯಾಂಬೆಲನು ವರ್ಣಿಸುವ ವಿದ್ಯಾರಂಭದ ವಿಧಿಯು ಈ ಪರಿಚಯದ ಸ್ವರೂಪವನ್ನು ಸ್ಪಷ್ಟಪಡಿಸುತ್ತದೆ. ಮಗುವಿಗೆ ಐದು ವರ್ಷ ತುಂಬಿದಾಗ ತಂದೆತಾಯಿಗಳು ಉಪಾಧ್ಯಾಯರನ್ನೂ ಶಾಲೆಯ ಮಕ್ಕಳನ್ನೂ ಮನೆಗೆ ಬರಮಾಡಿಕೊಳ್ಳುವರು. ಎಲ್ಲರೂ ಗಣಪತಿಯ ವಿಗ್ರಹದ ಸುತ್ತ ಕುಳಿತಿರಲು, ಹೊಸ ವಿದ್ಯಾರ್ಥಿಯನ್ನು ದೇವರಿಗೆ ಎದುರಾಗಿ ಕುಳ್ಳಿರಿಸಿ, ಉಪಾಧ್ಯಾಯರು ಧೂಪ ನೈವೇದ್ಯಗಳನ್ನು ಅರ್ಪಿಸಿ, ಜ್ಞಾನವನ್ನು ಬೇಡುವ ಪ್ರಾರ್ಥನೆಯನ್ನು ಮಗುವಿನ ಬಾಯಲ್ಲಿ ಹೇಳಿಸಿ, ಅದರ ಬೆರಳನ್ನು ತಾವೇ ಹಿಡಿದು ಅಕ್ಕಿಯಲ್ಲಿ ದೇವರ ನಾಮಗಳನ್ನು ಬರೆಯಿಸುವರು. ಪೋಷಕರು ಯಥಾಶಕ್ತಿ ಕಾಣಿಕೆಯಿತ್ತು ಅವರನ್ನು ಬೀಳ್ಕೊಡುವರು. ಮರುದಿನ ಬೆಳಗಿನಿಂದ ಕ್ರಮಬದ್ಧವಾದ ಪಾಠ. ಹೀಗೆ ಶಿಕ್ಷಣದ ಮೊದಲ ಅಕ್ಷರವು ಮನೆಯಲ್ಲಿ, ಹೆತ್ತವರ ಕಣ್ಣೆದುರಿಗೆ, ಉಪಾಧ್ಯಾಯರ ಕೈಯಿಂದ ಮೂಡುತ್ತಿದ್ದುದು ಗಮನಾರ್ಹ.

ದಿನಚರಿಯಲ್ಲಿಯೂ ಮನೆಯ ಪಾತ್ರವಿತ್ತು. ಬೆಳಗಿನ ಆರು ಗಂಟೆಯ ಸುಮಾರಿಗೆ ಶಾಲೆ ನೆರೆಯುತ್ತಿತ್ತು. ಎಲ್ಲರಿಗಿಂತ ಮೊದಲು ಬಂದವನ ಅಂಗೈಯ ಮೇಲೆ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಮೆಲುಪೆಟ್ಟು, ನಾಲ್ಕನೆಯವನಿಗೆ ಎರಡು, ಅನಂತರ ಬಂದವರಿಗೆ ಕ್ರಮವಾಗಿ ಒಂದೊಂದು ಹೆಚ್ಚು. ಮಗುವನ್ನು ನಸುಕಿನಲ್ಲಿಯೇ ಎಬ್ಬಿಸಿ ಕಳುಹಿಸುವ ತಾಯಿಯ ಎಚ್ಚರವಿಲ್ಲದೆ ಆ ಸರಸ್ವತಿಯ ಅಕ್ಷರಗಳು ಯಾವ ಅಂಗೈಯನ್ನೂ ಸೇರುವಂತಿರಲಿಲ್ಲ. ಮೈಸೂರು ಸೀಮೆಯ ಕೂಲಿಮಠಗಳೆಂಬ ಗ್ರಾಮಶಾಲೆಗಳಲ್ಲಿ ಮಹಾನವಮಿಯ ಕಾಲಕ್ಕೆ ಮಕ್ಕಳು ಬಣ್ಣದ ಬಿಲ್ಲುಗಳನ್ನು ಹಿಡಿದು ಚೌಪದಗಳನ್ನು ಹಾಡುತ್ತ ಅಯ್ಯಗಳೊಡನೆ ಮನೆಮನೆಗೆ ಹೋಗುತ್ತಿದ್ದ ವಾಡಿಕೆಯೂ ಇದೇ ಜಾತಿಯದು. ಗುರುವಿಗೆ ವರ್ಷದ ಸಂಭಾವನೆ ದೊರೆಯುತ್ತಿದ್ದುದಲ್ಲದೆ, ತಮ್ಮ ಮಗು ಕಲಿತದ್ದೇನೆಂಬುದನ್ನು ಮನೆಯವರು ಕಿವಿಯಾರೆ ಕೇಳುವ ಅವಕಾಶವೂ ಅದರಲ್ಲಿತ್ತು.

ಆದರೆ ಈ ವ್ಯವಸ್ಥೆಯನ್ನು ಆದರ್ಶೀಕರಿಸುವುದು ಉಚಿತವಲ್ಲ. ಬಳ್ಳಾರಿ ಜಿಲ್ಲೆಯ ವಿದ್ಯಾರ್ಥಿಗಳ ಪೈಕಿ ಹೆಣ್ಣುಮಕ್ಕಳು ಕೇವಲ 60 ಮಂದಿ. ಉಪಾಧ್ಯಾಯರ ಗಳಿಕೆ ಸಾಮಾನ್ಯವಾಗಿ ತಿಂಗಳಿಗೆ ಆರೇಳು ರೂಪಾಯಿಗಳನ್ನು ಮೀರುತ್ತಿರಲಿಲ್ಲವೆಂದೂ, ಯೋಗ್ಯರಾದವರನ್ನು ಆ ವೃತ್ತಿಗೆ ಸೆಳೆಯಲು ಅದು ಸಾಲದೆಂದೂ ಕ್ಯಾಂಬೆಲನೇ ಹೇಳುತ್ತಾನೆ. ಬಡತನದ ಕಾರಣ ಕೆಲವರು ಐದೇ ವರ್ಷಗಳ ಓದಿನ ಬಳಿಕ ಮಕ್ಕಳನ್ನು ಶಾಲೆ ಬಿಡಿಸಬೇಕಾಗುತ್ತಿತ್ತು. ಅನುಕೂಲಸ್ಥರಾಗಿ ವಿದ್ಯೆಯಲ್ಲಿ ಆಸ್ಥೆಯುಳ್ಳ ಪೋಷಕರ ಮಕ್ಕಳು ಹದಿನಾಲ್ಕು ಹದಿನೈದು ವರ್ಷಗಳವರೆಗೂ ಓದನ್ನು ಮುಂದುವರಿಸುತ್ತಿದ್ದುದುಂಟು. ನಾಡಿನ ದಾರಿದ್ರ್ಯ ಹೆಚ್ಚಿದಂತೆ ಶಾಲೆಗಳು ಕ್ಷಯಿಸಿದುವೆಂಬ ಅವನ ಅಭಿಪ್ರಾಯವೂ ಪ್ರಸಿದ್ಧವಾದುದು. ಪೋಷಕರ ಆಸ್ಥೆಯೊಂದನ್ನೇ ನೆಚ್ಚಿದ ಶಿಕ್ಷಣವು ಅವರ ಸಂಪತ್ತಿನೊಡನೆ ಏಳುತ್ತ ಬೀಳುತ್ತ ಇರುವುದೆಂಬ ಪಾಠವನ್ನು ಈ ವರದಿಯಿಂದ ಕಲಿಯಬಹುದಾಗಿದೆ.

ಸಂಸ್ಥಾನದ ಕಾಲ: ಮೈಸೂರಿನಲ್ಲಿ ಬಿ. ಎಲ್. ರೈಸ್ 1868ರಲ್ಲಿ ರೂಪಿಸಿದ ಹೋಬಳಿ ಶಾಲೆಗಳ ಯೋಜನೆಯಿಂದ ಪ್ರಾಥಮಿಕ ಶಿಕ್ಷಣವು ಸರ್ಕಾರದ ಹೊಣೆಯಾಗತೊಡಗಿತು. 1913ರಲ್ಲಿ ಕಡ್ಡಾಯ ಶಿಕ್ಷಣಕ್ಕೆ ಅವಕಾಶ ಕಲ್ಪಿಸುವ ಶಾಸನವಾಯಿತು. ಇದರಿಂದ ಶಾಲೆ ಹಲವು ಮಕ್ಕಳಿಗೆ ನಿಲುಕಿತೆಂಬುದು ನಿರ್ವಿವಾದ. ಆದರೆ ಸಂಬಳವು ಖಜಾನೆಯಿಂದ ಬರತೊಡಗಿದ ಮೇಲೆ ಉಪಾಧ್ಯಾಯರು ಇನ್ಸ್‌ಪೆಕ್ಟರಿಗೆ ಉತ್ತರವಾದಿಗಳಾದಷ್ಟು ಊರಿಗೆ ಉತ್ತರವಾದಿಗಳಾಗಿ ಉಳಿದಂತೆ ತೋರುವುದಿಲ್ಲ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ: ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯನ್ನನುಸರಿಸಿ ಕರ್ನಾಟಕ ಸರ್ಕಾರವು 2001ರ ಏಪ್ರಿಲ್ 28ರಂದು ಈ ಸಮಿತಿಗಳ ರಚನೆಗಾಗಿ ಹೊರಡಿಸಿದ ಆದೇಶವು ಈ ಇತಿಹಾಸದ ಪ್ರಮುಖ ಘಟ್ಟ. ಅದಕ್ಕೆ ಹಿಂದೆ ಇದ್ದ ಗ್ರಾಮ ಶಿಕ್ಷಣ ಸಮಿತಿಗಳಲ್ಲಿ ಊರಿನ ಪ್ರಮುಖರಿಗೆ ಪ್ರಾಧಾನ್ಯವಿದ್ದರೆ, ಈ ಸಮಿತಿಗಳಲ್ಲಿ ಶಾಲೆಯ ಮಕ್ಕಳ ಪೋಷಕರೇ ತಮ್ಮೊಳಗಿನಿಂದ ಪ್ರತಿನಿಧಿಗಳನ್ನು ಆರಿಸುವರು. ಅಧ್ಯಕ್ಷ ಪದವಿ ಪೋಷಕರಿಗೆ, ಕಾರ್ಯದರ್ಶಿತ್ವ ಮುಖ್ಯೋಪಾಧ್ಯಾಯರಿಗೆ. ಸ್ವಂತ ಮಗುವನ್ನು ಆ ಶಾಲೆಗೆ ಕಳುಹಿಸುವವನಿಗೇ ಆ ಶಾಲೆಯ ಕುರಿತು ಪ್ರಶ್ನೆ ಕೇಳುವ ಅಧಿಕಾರ ಸಂದುದು ಇದರ ಮಹತ್ತ್ವ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು ಈ ತತ್ತ್ವವನ್ನು ರಾಷ್ಟ್ರವ್ಯಾಪಿಯಾಗಿಸಿತು. ಅದರ 21ನೆಯ ಪ್ರಕರಣದ ಮೇರೆಗೆ, ಅನುದಾನರಹಿತ ಶಾಲೆಗಳ ಹೊರತು, ಪ್ರತಿ ಶಾಲೆಯಲ್ಲೂ ಆಡಳಿತ ಸಮಿತಿಯಿರಬೇಕು. ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರು, ಅರ್ಧ ಪಾಲು ಸ್ತ್ರೀಯರು ಆಗಿರಬೇಕು. ಹಿಂದುಳಿದ ಹಾಗೂ ದುರ್ಬಲ ವರ್ಗಗಳ ಪೋಷಕರಿಗೆ ತಕ್ಕ ಪ್ರಾತಿನಿಧ್ಯವಿರಬೇಕು. ಶಾಲೆಯ ಕಾರ್ಯಕಲಾಪಗಳ ಉಸ್ತುವಾರಿ, ಅಭಿವೃದ್ಧಿ ಯೋಜನೆಯ ರಚನೆ, ಅನುದಾನದ ವಿನಿಯೋಗದ ಪರಿಶೀಲನೆ ಇವು ಸಮಿತಿಯ ಕೆಲಸಗಳು. ಇವಕ್ಕಿಂತ ಕಡಮೆ ಪ್ರಚಾರ ಪಡೆದಿದ್ದರೂ ಅಷ್ಟೇ ಮುಖ್ಯವಾದುದು 24ನೆಯ ಪ್ರಕರಣ: ಪೋಷಕರೊಡನೆ ನಿಯತವಾಗಿ ಸಭೆ ಸೇರಿ, ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ ಮತ್ತು ಪ್ರಗತಿಗಳನ್ನು ತಿಳಿಸುವುದು ಉಪಾಧ್ಯಾಯರ ಕರ್ತವ್ಯವೆಂದು ಅದು ವಿಧಿಸುತ್ತದೆ.

ಆಚರಣೆಯ ತೊಡಕುಗಳು: ಕೂಲಿಯನ್ನು ನೆಚ್ಚಿದ ತಾಯಿಗೆ ಹಗಲಿನ ಸಭೆಯೆಂದರೆ ಒಂದು ದಿನದ ಸಂಪಾದನೆಯ ನಷ್ಟ, ರಾಯಚೂರು, ಯಾದಗಿರಿಗಳ ಕಡೆಯಿಂದ ಗುಳೆ ಹೋಗುವ ಕುಟುಂಬಗಳಿಗೆ ಹಲವು ತಿಂಗಳ ಕಾಲ ಊರಿನ ಶಾಲೆಯೇ ದೂರ. ಅಕ್ಷರವರಿಯದ ಪೋಷಕರು ಸಂಕೋಚದಿಂದ ಹಿಂದಿನ ಸಾಲಿನಲ್ಲಿ ಕುಳಿತು, ಕಡೆಗೆ ನಡಾವಳಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿ ಎದ್ದು ಹೋಗುವುದುಂಟು. ಚರ್ಚೆಯೆಲ್ಲ ಕಾಂಪೌಂಡು, ಶೌಚಾಲಯ, ಬಿಸಿಯೂಟಗಳಿಗೆ ಮುಗಿದು, ಕಲಿಕೆಯ ಮಾತು ಬಾರದೆ ಉಳಿಯುವುದೂ ಸಾಮಾನ್ಯ. ಮಗುವಿನ ಬರವಣಿಗೆಯ ಪುಸ್ತಕವನ್ನೇ ತಾಯಿಯ ಮುಂದಿಟ್ಟು, ಜೂನ್ ತಿಂಗಳ ಪುಟವನ್ನೂ ನವೆಂಬರಿನ ಪುಟವನ್ನೂ ಅಕ್ಕಪಕ್ಕ ತೆರೆದು, ಮಗುವಿನಿಂದಲೇ ನಾಲ್ಕು ಸಾಲು ಓದಿಸಿ ತೋರಿಸುವ ಉಪಾಧ್ಯಾಯರ ಸಭೆಯಲ್ಲಿ ಈ ಸಂಕೋಚ ಬಹುಮಟ್ಟಿಗೆ ಕರಗುತ್ತದೆ. ಓದಲಾರದ ತಾಯಿಯೂ ಅಕ್ಷರಗಳು ದುಂಡಗಾದುದನ್ನು ಕಾಣಬಲ್ಲಳು, ಓದು ತಡವರಿಸುವುದನ್ನು ಕೇಳಬಲ್ಲಳು, ಕಾರಣವೇನೆಂದು ಪ್ರಶ್ನಿಸಬಲ್ಲಳು. ಉಪಾಧ್ಯಾಯರಿಗೂ ಆಗ ಹಾಜರಿ ಪುಸ್ತಕ ಹೇಳದ ಸಂಗತಿಗಳು ತಿಳಿಯುತ್ತವೆ: ಎಳೆಯ ತಮ್ಮನನ್ನು ನೋಡಿಕೊಳ್ಳುವ ಹೊಣೆ, ದೀಪವಿಲ್ಲದ ಸಂಜೆ, ರಾಗಿ ಕುಯಿಲಿನ ವಾರ. ಖಾಸಗಿ ಶಾಲೆಗಳಲ್ಲಿ ಸಭೆಗಳು ಕ್ರಮವಾಗಿ ನಡೆಯುವುವಾದರೂ ಅವು ಅಂಕಗಳ ಲೆಕ್ಕವನ್ನು ಮೀರಿ ಹೋಗುವುದು ವಿರಳ.

ಮೌಲ್ಯನಿರ್ಣಯ: ಹಳೆಯ ಗ್ರಾಮಶಾಲೆಯಲ್ಲಿ ಮನೆಗೂ ಗುರುವಿಗೂ ಸಾಮೀಪ್ಯವಿತ್ತು, ಸಮಾನತೆಯಿರಲಿಲ್ಲ, ಇಂದಿನ ಶಾಸನದಲ್ಲಿ ಸಮಾನತೆಯಿದೆ, ಸಾಮೀಪ್ಯವನ್ನು ಆದೇಶದಿಂದ ತರಲು ಬಾರದು. ಬಡ ಪೋಷಕರ ಅನಾದರವೇ ಮಕ್ಕಳು ಹಿಂದುಳಿಯಲು ಕಾರಣವೆಂಬ ಮಾತು ಆಗಾಗ ಕೇಳಿಬರುತ್ತದಾದರೂ, ಹಣ ಕೊಟ್ಟು ಓದಿಸಬೇಕಾಗಿದ್ದ ಕಾಲದ ದಾಖಲೆಗಳು ಆ ಮಾತನ್ನು ಸಮರ್ಥಿಸುವುದಿಲ್ಲ: ಅಲ್ಲಿ ಕೊರತೆಯಾಗಿದ್ದುದು ಹೆಚ್ಚಾಗಿ ಸಾಧನವೇ ಹೊರತು ಆಸ್ಥೆಯಲ್ಲ. ಆದಕಾರಣ ಸಭೆಯ ವೇಳೆಯನ್ನು ಕೂಲಿಯವರ ಬಿಡುವಿಗೆ ಹೊಂದಿಸುವುದು, ಪ್ರತಿ ಸಭೆಯಲ್ಲಿ ಕಲಿಕೆಯ ವಿಚಾರಕ್ಕೆ ಮೊದಲ ಸ್ಥಾನ ಕೊಡುವುದು, ಮನೆಗಳನ್ನು ಸಂದರ್ಶಿಸಲು ಉಪಾಧ್ಯಾಯರಿಗೆ ಇತರ ಲೆಕ್ಕಪತ್ರಗಳ ಭಾರದಿಂದ ಬಿಡುವು ಮಾಡಿಕೊಡುವುದು ಇವು ಹೊಸ ಸಮಿತಿಗಳ ಸ್ಥಾಪನೆಗಿಂತ ಹೆಚ್ಚು ಫಲಕಾರಿಯಾದಾವು.