ಚಳಿಗಾಲದ ಮೇವೇ ಮಿತಿ

ಮೂಲಧನವನ್ನು ಮುಟ್ಟದೆ ಲಾಭದಲ್ಲಿ ಬಾಳುವ ವರ್ತಕನು ವಿವೇಕಿ. ಮೂಲಧನವನ್ನೇ ಲಾಭವೆಂದು ಬಗೆದು ವ್ಯಯಿಸುವವನಿಗೆ ದಿವಾಳಿ ತಪ್ಪದು. ನಿಸರ್ಗದೊಡನೆಯೂ ಈ ಲೆಕ್ಕವನ್ನೇ ಇಟ್ಟುಕೊಂಡು ಶತಮಾನಗಳ ಕಾಲ ಬಾಳಿದ ಗ್ರಾಮವೊಂದು ಸ್ವಿಟ್ಜರ್ಲೆಂಡಿನಲ್ಲಿದೆ.

ಆಲ್ಪ್ಸ್ ಪರ್ವತದ ಇಳಿಜಾರಿನಲ್ಲಿರುವ ಆ ಗ್ರಾಮದ ಹೆಸರು ಟೋರ್ಬೆಲ್. ಅಲ್ಲಿ ಹೊಲ, ತೋಟ ಮತ್ತು ಒಣಹುಲ್ಲಿಗಾಗಿ ಕಾಯ್ದಿಟ್ಟ ಭೂಮಿ ಕುಟುಂಬಗಳ ಸ್ವಂತ ಆಸ್ತಿ. ಎತ್ತರದ ಹುಲ್ಲುಗಾವಲು ಮತ್ತು ಅರಣ್ಯ ಊರೊಟ್ಟಿನ ಸ್ವತ್ತು. ಇವುಗಳ ಉಪಯೋಗವನ್ನು ಕ್ರಮಗೊಳಿಸಲು ಗ್ರಾಮಸ್ಥರು 1483ರಲ್ಲಿ ಒಡಂಬಡಿಕೆ ಬರೆದುಕೊಂಡರು. 1517ರ ಕಟ್ಟಳೆಯೊಂದು ವಿಶೇಷವಾಗಿ ಮನನೀಯವಾದುದು. ಚಳಿಗಾಲದಲ್ಲಿ ತಾನು ಮೇವು ಕೊಟ್ಟು ಸಾಕಬಲ್ಲ ಹಸುಗಳಿಗಿಂತ ಹೆಚ್ಚಿನವನ್ನು ಯಾರೂ ಬೇಸಿಗೆಯಲ್ಲಿ ಬೆಟ್ಟದ ಗಾವಲಿಗೆ ಕಳುಹಿಸಕೂಡದು ಎಂಬುದೇ ಅದು.

ಈ ಒಂದು ವಾಕ್ಯದಿಂದ ಬೇಸಿಗೆಯ ಲೋಭಕ್ಕೆ ಕಡಿವಾಣ ಬಿದ್ದಿತು. ಹೊರಗಿನಿಂದ ಹಸುಗಳನ್ನು ತಂದು, ಊರೊಟ್ಟಿನ ಹುಲ್ಲನ್ನು ಮೇಯಿಸಿ ಲಾಭ ಮಾಡುವ ದಾರಿ ಮುಚ್ಚಿತು. ಮಿತಿಮೀರಿದವರಿಗೆ ದಂಡ ವಿಧಿಸಲು ಗ್ರಾಮದ ಅಧಿಕಾರಿಯೊಬ್ಬನಿದ್ದನು; ದಂಡದಲ್ಲಿ ಅರ್ಧಪಾಲು ಅವನದಾದುದರಿಂದ ಅವನ ಕಣ್ಣು ತಪ್ಪಿಸುವುದು ಸುಲಭವಿರಲಿಲ್ಲ. ಬೆಟ್ಟಕ್ಕೆ ಹೋದ ಹಸುಗಳನ್ನು ಎಣಿಸಿ, ಆ ಎಣಿಕೆಯಂತೆಯೇ ಗಿಣ್ಣನ್ನು, ಅಂದರೆ ಚೀಸನ್ನು, ಹಂಚುತ್ತಿದ್ದರು. ಕಡಿಯಬಹುದಾದ ಮರಗಳನ್ನು ಮೊದಲೇ ಗುರುತಿಸಿ, ಕೂಡಿ ಕಡಿದು, ಸಮನಾದ ರಾಶಿಗಳನ್ನು ಮಾಡಿ ಚೀಟಿ ಎತ್ತಿ ಹಂಚಿಕೊಳ್ಳುತ್ತಿದ್ದರು.

1968ರಲ್ಲಿ ಅಮೆರಿಕದ ಗ್ಯಾರೆಟ್ ಹಾರ್ಡಿನ್ ಎಂಬ ವಿದ್ವಾಂಸರು, ಎಲ್ಲರಿಗೂ ತೆರೆದಿಟ್ಟ ಗೋಮಾಳದ ನಾಶ ಅನಿವಾರ್ಯವೆಂದು ವಾದಿಸಿದರು. ಹೆಚ್ಚುವರಿ ಹಸುವಿನ ಲಾಭ ಒಬ್ಬನಿಗೆ, ನಷ್ಟ ಎಲ್ಲರಿಗೆ ಎಂಬುದು ಅವರ ತರ್ಕ. ಮಾನವಶಾಸ್ತ್ರಜ್ಞ ರಾಬರ್ಟ್ ನೆಟ್ಟಿಂಗ್ ಅವರು ಟೋರ್ಬೆಲ್ಲನ್ನು ಕುರಿತು 1981ರಲ್ಲಿ ಪ್ರಕಟಿಸಿದ ಗ್ರಂಥವೂ, ಅದನ್ನು ಆಧಾರವಾಗಿರಿಸಿಕೊಂಡು 1990ರಲ್ಲಿ ಎಲಿನೋರ್ ಆಸ್ಟ್ರಮ್ ನಡೆಸಿದ ವಿವೇಚನೆಯೂ ಬೇರೊಂದು ಸತ್ಯವನ್ನು ತೋರಿದವು. ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ದೊರೆಯಿತು. ಬಳಸುವವರೇ ನಿಯಮ ರಚಿಸಿ ಪಾಲಿಸಿದಲ್ಲಿ ನಾಶ ಅನಿವಾರ್ಯವಲ್ಲ.

ಈ ವ್ಯವಸ್ಥೆ ನಿರ್ದೋಷವಾಗಿತ್ತೆಂದು ಹೇಳಲಾಗದು. ಹೆಚ್ಚು ಹುಲ್ಲುಭೂಮಿ ಉಳ್ಳವನಿಗೆ ಹೆಚ್ಚು ಹಸುಗಳು ಸಲ್ಲುತ್ತಿದ್ದವು. ಭೂಮಿ ಕೊಂಡ ಮಾತ್ರಕ್ಕೆ ಪರಊರಿನವನಿಗೆ ಗಾವಲಿನ ಹಕ್ಕು ಬರುತ್ತಿರಲಿಲ್ಲ. ಕಟ್ಟಳೆಯು ಗಾವಲನ್ನು ಕಾಯಿತೇ ಹೊರತು ಎಲ್ಲರನ್ನೂ ಸಮಾನರನ್ನಾಗಿಸಲಿಲ್ಲ. ಆದರೆ ಧನಿಕನಿಗೂ ಒಂದು ಮಿತಿಯಿತ್ತು. ಅದನ್ನು ನಿರ್ಣಯಿಸಿದ್ದು ಅವನ ಆಸೆಯಲ್ಲ, ಅವನ ಕೊಟ್ಟಿಗೆಯ ಮೇವು.

ಸಮೃದ್ಧಿಯ ದಿನಗಳಲ್ಲಿ ಎಷ್ಟು ದೊರೆಯುವುದೆಂದು ಕೇಳುವುದು ಲೋಭದ ರೀತಿ. ಕೊರತೆಯ ದಿನಗಳಲ್ಲಿ ಎಷ್ಟನ್ನು ಪೋಷಿಸಬಲ್ಲೆನೆಂದು ಮೊದಲೇ ಕೇಳಿಕೊಳ್ಳುವುದು ಸಂಯಮದ ರೀತಿ. ಆ ಹಳ್ಳಿಗರು ಎರಡನೆಯ ಪ್ರಶ್ನೆಯನ್ನೇ ಕಟ್ಟಳೆಯಾಗಿ ಬರೆದಿಟ್ಟರು.