ಎದ್ದು ಹೋಗದ ಅತಿಥಿಗಳು

ನಮ್ಮ ತವರುಮನೆಯ ಪಡಸಾಲೆಯಲ್ಲಿ ನಾಲ್ಕು ಕಂಬಗಳಿದ್ದವು. ಬಾಗಿಲಿಗೆ ಹತ್ತಿರದ ಕಂಬ ಒಬ್ಬರಿಗೆ ಮೀಸಲು. ಅಪ್ಪನಿಗೆ ದೂರದ ನೆಂಟರು, ಹೆಸರು ಬೇಡ. ದೀಪ ಹಚ್ಚುವ ಹೊತ್ತಿಗೆ ಬಂದು ಕಂಬಕ್ಕೆ ಒರಗಿದರೆಂದರೆ ಎರಡು ಸಲ ಕಾಫಿಯಾಗಿ ಎಲೆ ಹಾಕುವವರೆಗೂ ಏಳುತ್ತಿರಲಿಲ್ಲ. ಗುಡಿಸುವ ನೆವದಲ್ಲಾದರೂ ಎಬ್ಬಿಸೋಣವೆಂದರೆ, ದೀಪ ಹಚ್ಚಿದ ಮೇಲೆ ಅಮ್ಮ ಪೊರಕೆ ಮುಟ್ಟುವಂತಿಲ್ಲ! ಬರೀ ಕೂತಿದ್ದರೆ ಸಹಿಸಬಹುದಿತ್ತು. ನೀರು ತಂದ ನನ್ನನ್ನೋ ಅಕ್ಕನನ್ನೋ ನೋಡಿ ಆಡಬಾರದ ಮಾತೊಂದನ್ನು ಆಡಿ ನಗುವರು. ನಾವು ಒಳಗೆ ಹೋಗಿ ಅತ್ತರೆ ಅಜ್ಜಿ, "ಮಾತೇನು ಮೈಗಂಟಿಕೊಳ್ಳುತ್ತದೆಯೇ? ಮನೆಗೆ ಬಂದವರು, ಹಾಗೆಲ್ಲ ಅನ್ನಬಾರದು" ಎನ್ನುತ್ತಿದ್ದಳು.

ಕಂಪ್ಯೂಟರ್ ಕೆಲಸದಲ್ಲಿರುವ ಮಗಳಿಗೆ ಕಳೆದ ಬೇಸಿಗೆ ರಜೆಯಲ್ಲಿ ಇದನ್ನು ಹೇಳಿದೆ. "ಅಮ್ಮ, ನಿನ್ನ ಪಡಸಾಲೆ ಅಮೇರಿಕದಲ್ಲೂ ಇತ್ತು" ಎಂದು ಒಂದು ಚರಿತ್ರೆಯನ್ನು ಓದಲು ಕೊಟ್ಟಳು. ಮೂವತ್ತು ವರ್ಷದಿಂದ ಚರಿತ್ರೆ ಪಾಠ ಹೇಳುತ್ತಿರುವ ನನಗೆ ಅದು ಹೊಸದು.

ಇದರ ಮೂಲ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿದೆ. 1978ರಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿ, ಅನೇಕರು ಏಕಕಾಲಕ್ಕೆ ವೇಷ ಧರಿಸಿ ಆಡಬಹುದಾದ 'ಮಡ್' ಎಂಬ ಕಂಪ್ಯೂಟರ್ ಆಟವನ್ನು ಶುರುಮಾಡಿದ. ಅದನ್ನು ಬೆಳೆಸಿದವನು ರಿಚರ್ಡ್ ಬಾರ್ಟಲ್. ಚಿತ್ರವಿಲ್ಲ, ದನಿಯಿಲ್ಲ, ಎಲ್ಲವೂ ಅಕ್ಷರ. ನೀವು ಬರೆದದ್ದೇ ನಿಮ್ಮ ರೂಪ, ಬರೆದದ್ದೇ ನಿಮ್ಮ ನಡೆ. ನಮ್ಮ ಬಯಲಾಟದಲ್ಲಿ ಬಣ್ಣವಾದರೂ ಇದೆ, ಇಲ್ಲಿ ಅದೂ ಇಲ್ಲ.

1990ರಲ್ಲಿ ಪಾವೆಲ್ ಕರ್ಟಿಸ್ ಎಂಬಾತ ಕ್ಯಾಲಿಫೋರ್ನಿಯದ ಝೆರಾಕ್ಸ್ ಸಂಶೋಧನಾಲಯದಲ್ಲಿದ್ದುಕೊಂಡು 'ಲ್ಯಾಂಬ್ಡಾಮೂ' ಎಂಬ ಇಂಥದೇ ಅಕ್ಷರದ ಮನೆಯೊಂದನ್ನು ಕಟ್ಟಿದ. ಮಾದರಿ ಅವನ ಸ್ವಂತ ಮನೆಯೇ! ಹೊಸಬರು ಮೊದಲು ಕಾಲಿಡುವುದು ಕೋಟು ತೂಗುಹಾಕುವ ಕತ್ತಲೆ ಕೋಣೆಯಲ್ಲಿ. ಬಾಗಿಲು ತೆಗೆದರೆ ಪಡಸಾಲೆ, ಅಲ್ಲಿ ಜನವೋ ಜನ. ಹೆಸರು ನೋಂದಾಯಿಸದವರೂ 'ಅತಿಥಿ' ಎಂದು ಒಳಗೆ ಬರಬಹುದಿತ್ತು. ಅವರಿಗೆ ಬಣ್ಣಗಳ ಹೆಸರು: ಕೆಂಪು ಅತಿಥಿ, ಹಸಿರು ಅತಿಥಿ ಎಂದು. ತೊಂದರೆ ಇದ್ದದ್ದು ಅಲ್ಲೇ. ಹೆಸರಿಲ್ಲದವನಿಗೆ ನಾಚಿಕೆ ಎಲ್ಲಿಂದ ಬರಬೇಕು? ಗದರಿಸಿದರೆ ಹೊರಗೆ ಹೋಗಿ ಇನ್ನೊಂದು ಬಣ್ಣ ಹೊತ್ತು ಬಂದಾನು.

ಪರಿಹಾರವೆಂದು 'ಗ್ಯಾಗ್' ಎಂಬ ಅಪ್ಪಣೆಯಿತ್ತು. ಅದನ್ನು ಕೊಟ್ಟರೆ ಬೇಡದವನ ಮಾತು ನಿಮ್ಮ ಪರದೆಗೆ ಬಾರದು. ಆದರೆ ಮಿಕ್ಕವರಿಗೆಲ್ಲ ಕಾಣುತ್ತಲೇ ಇರುತ್ತದೆ. ನಾವು ಅಡಿಗೆಮನೆಯಲ್ಲಿ ಕಿವಿ ಮುಚ್ಚಿಕೊಂಡರೆ ಪಡಸಾಲೆಯ ನಗು ನಿಲ್ಲುತ್ತಿತ್ತೇ? ಇದನ್ನು ಪರಿಹಾರವೆಂದವರು ಗಂಡಸರೇ ಇರಬೇಕು ಎಂದು ನನ್ನ ಗುಮಾನಿ.

ಆ ಮನೆಯ ಮೇಲ್ವಿಚಾರಕರನ್ನು 'ಮಂತ್ರವಾದಿಗಳು' ಎನ್ನುತ್ತಿದ್ದರು. ದಿನಕ್ಕೊಂದು ಜಗಳದ ಪಂಚಾಯಿತಿ ಮಾಡಿ ಸಾಕಾಗಿ 1992ರ ಡಿಸೆಂಬರಿನಲ್ಲಿ ಕರ್ಟಿಸ್, ಇನ್ನು ನಾವು ಯಂತ್ರದ ಕೆಲಸ ಮಾತ್ರ ನೋಡುತ್ತೇವೆ, ನಿಮ್ಮ ವ್ಯಾಜ್ಯ ನಿಮಗೇ ಎಂದು ಸಾರಿಬಿಟ್ಟ. ಮೂರೇ ತಿಂಗಳು. 1993ರ ಮಾರ್ಚಿನ ಒಂದು ಸೋಮವಾರ ರಾತ್ರಿ 'ಮಿಸ್ಟರ್ ಬಂಗಲ್' ಎಂಬ ವೇಷಧಾರಿ ಆ ಪಡಸಾಲೆಗೆ ಬಂದ. ಇವನು ಅತಿಥಿಯೂ ಅಲ್ಲ, ಹೆಸರು ಬರೆಸಿದವನೇ. ಅವನ ಕೈಯಲ್ಲಿ ಮಾಟದ ಗೊಂಬೆ ಎಂಬ ಉಪಾಯವೊಂದಿತ್ತು. ಪರರ ಪಾತ್ರಗಳು ತಾವಾಗಿಯೇ ಹೊಲಸು ಕೆಲಸ ಮಾಡುತ್ತಿವೆ ಎಂಬಂತೆ ಎಲ್ಲರ ಪರದೆಯ ಮೇಲೆ ಬರೆಯಿಸಬಹುದಿತ್ತು. ಹಲವು ಪಾತ್ರಗಳನ್ನು ಹೀಗೆ ಮಲಿನಗೊಳಿಸಿದ. ಸಿಯಾಟಲ್ ನಗರದಲ್ಲಿದ್ದ ಹೆಂಗಸೊಬ್ಬಳು ಮರುದಿನ ಅವನಿಗೆ ಶಿಕ್ಷೆಯಾಗಬೇಕೆಂದು ಬರೆಯುವಾಗ ಕೆನ್ನೆಯ ಮೇಲೆ ಕಣ್ಣೀರು ಹರಿಯುತ್ತಿತ್ತಂತೆ. ಇದನ್ನೆಲ್ಲ ಅದೇ ವರ್ಷ ನ್ಯೂಯಾರ್ಕಿನ 'ವಿಲೇಜ್ ವಾಯ್ಸ್' ಪತ್ರಿಕೆಯಲ್ಲಿ ಬರೆದವನು ಜೂಲಿಯನ್ ಡಿಬೆಲ್.

ಮುಂದಿನದು ನಮ್ಮಲ್ಲಿ ನಡೆದಂತೆಯೇ. ಬರೀ ಮಾತಲ್ಲವೇ, ನಿಜವಾಗಿ ಏನಾಯಿತು ಎಂದರು ಕೆಲವರು. ಅಜ್ಜಿಯ ಮಾತನ್ನು ಇಂಗ್ಲಿಷಿನಲ್ಲಿ ಓದಿ ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು. ಮೂರು ದಿನದ ಮೇಲೆ ಸುಮಾರು ಮೂವತ್ತು ಮಂದಿ ಸೇರಿ ಗಂಟೆಗಟ್ಟಲೆ ಚರ್ಚಿಸಿದರು; ತೀರ್ಮಾನವೇ ಆಗಲಿಲ್ಲ. ಕೊನೆಗೆ ಒಬ್ಬ ಮಂತ್ರವಾದಿ, ಯಾರನ್ನೂ ಕೇಳದೆ, ಬಂಗಲ್‌ನ ಪಾತ್ರವನ್ನೇ ಅಳಿಸಿಹಾಕಿದ. ನ್ಯಾಯವೋ ಅನ್ಯಾಯವೋ, ನನ್ನ ಮನಸ್ಸಂತೂ ಆ ಹೊತ್ತಿಗೆ ಅವನ ಕಡೆಗೇ ವಾಲಿತು.

ಊರಿಗೆ ಹೋಗಿದ್ದ ಕರ್ಟಿಸ್ ಹಿಂತಿರುಗಿ, ಅರ್ಜಿ ಹಾಕಿ ಮತ ಚಲಾಯಿಸುವ ಪದ್ಧತಿಯನ್ನು ತಂದ. ಗಲಾಟೆ ಮಾಡುವ ಅತಿಥಿಗಳನ್ನು ಹೊರಗಟ್ಟುವ 'ಬೂಟ್' ಎಂಬ ಅಪ್ಪಣೆ ಜಾರಿಯಾದದ್ದು ಹಾಗೆ. ಬಂಗಲ್ ಮಾತ್ರ ಬೇರೆ ಹೆಸರಿನಲ್ಲಿ ಮತ್ತೆ ಬಂದ, ಹಳಬರು ಗುರುತೂ ಹಿಡಿದರು. ಆ ಒಂದು ವೇಷದ ಹಿಂದೆ ಒಬ್ಬನಲ್ಲ, ವಿದ್ಯಾರ್ಥಿ ನಿಲಯದ ಹುಡುಗರ ಗುಂಪೇ ಇತ್ತೆಂದು ಆಮೇಲೆ ತಿಳಿಯಿತು. ಮತದ ರಾಜ್ಯವೂ ಬಹುಕಾಲ ನಡೆಯಲಿಲ್ಲ. 1996ರಲ್ಲಿ ಮಂತ್ರವಾದಿಗಳು, ಯಂತ್ರ ನೋಡಿಕೊಳ್ಳುವುದನ್ನೂ ಜನರ ಗೋಜನ್ನೂ ಬೇರೆ ಮಾಡಲಾಗದು ಎಂದು ಒಪ್ಪಿ ಅಧಿಕಾರವನ್ನು ಮರಳಿ ತೆಗೆದುಕೊಂಡರು.

ನಮ್ಮ ಮನೆಯಲ್ಲಿ ಮತವೂ ಇಲ್ಲ, ಅರ್ಜಿಯೂ ಇಲ್ಲ. ಒಂದು ಸಂಜೆ ಅಕ್ಕ ನೀರು ಕೊಡಲು ಹೊರಟಾಗ ಅಮ್ಮ ಅವಳ ಕೈಯಿಂದ ಚೊಂಬು ಕಿತ್ತುಕೊಂಡು ತಾನೇ ಹೋದಳು. ಕೆಳಗಿಟ್ಟು, ನಿಂತೇ, "ಈ ಹೊತ್ತು ನಮ್ಮ ಹುಡುಗಿಯರು ಓದಿಕೊಳ್ಳುವ ಹೊತ್ತು. ತಾವು ಇನ್ನು ಹೊರಡಬೇಕು" ಎಂದಳು. ಅಪ್ಪ ತಲೆ ಎತ್ತಲಿಲ್ಲ. ಅಜ್ಜಿ ಒಂದು ತಿಂಗಳು ಅಮ್ಮನೊಡನೆ ಮಾತಾಡಲಿಲ್ಲ.

ದೀಪಾವಳಿಗೆ ಅವರು ಮತ್ತೆ ಬಂದರು. ಕಂಬದವರೆಗೆ ಬರಲಿಲ್ಲ, ಜಗಲಿಯಲ್ಲೇ ಕೂತರು. ನೀರು ಕೊಟ್ಟವನು ತಮ್ಮ.